ದಿಡ್ಡಿಬಾಗಿಲಿನ ಅಗಳಿ

ಇನ್ನೂರೈವತ್ತು ವರ್ಷಗಳ ಹಿಂದೆ ಒಂದು ಕೋಟೆ, ಆ ಕೋಟೆಯಲ್ಲೊಬ್ಬ ಪಹರೆಯವ. ಹೆಂಡತಿ ಹೆತ್ತು ಐದು ತಿಂಗಳಾದರೂ ಮಗಳ ಮುಖ ನೋಡಿರಲಿಲ್ಲ. ಮೂರು ಸಲ ರಜೆ ಕೇಳಿದ. ಮೂರು ಸಲವೂ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ತಲೆಯೆತ್ತದೆ ‘ಆಗಲ್ಲ’ ಎಂದ. ದಂಡು ಬಿಟ್ಟು ಓಡಿದವನಿಗೆ ಆ ಕೋಟೆಯಲ್ಲಿ ಏನು ಶಿಕ್ಷೆ ಗೊತ್ತೇ? ಎರಡೂ ಕಿವಿ ಕೊಯ್ಯುತ್ತಿದ್ದರು. ಗೊತ್ತಿದ್ದೂ ಒಂದು ದಿನ, ಎಲ್ಲರೂ ಊಟಕ್ಕೆ ಕೂತಾಗ, ತಾನೇ ಕಾಯುತ್ತಿದ್ದ ಹಿಂದಿನ ಸಣ್ಣ ದಿಡ್ಡಿಬಾಗಿಲು ತೆಗೆದು ಹೊರಟೇಬಿಟ್ಟ.

ಎರಡು ಹರದಾರಿ ನಡೆದ. ಇನ್ನೊಂದು ಗುಡ್ಡ ಹತ್ತಿಳಿದರೆ ಊರು. ನೋಡಿದರೆ, ಕೆರೆಯಾಚೆ ಶತ್ರುಗಳ ದಂಡು ಗುಡಾರ ಹಾಕುತ್ತಿದೆ! ತಾನು ತೆಗೆದು ಬಂದ ಬಾಗಿಲು ನೆನಪಾಯಿತು. ನೋಡಿ, ಆ ಬಾಗಿಲಿನ ಅಗಳಿ ಇದ್ದದ್ದು ಒಳಗಡೆ. ಹೊರಗೆ ಹೋದವನು ಬಾಗಿಲು ಎಳೆದುಕೊಳ್ಳಬಹುದು, ಅಗಳಿ ಹಾಕಲಾರ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ‘ಯಾರಾದರೂ ನೋಡಿ ಹಾಕಿರುತ್ತಾರೆ ಬಿಡು’ ಎನ್ನುತ್ತಿದ್ದಿರಿ. ನಾನೂ ಹಾಗೇ ಎನ್ನುತ್ತಿದ್ದೆ, ಸುಳ್ಳೇಕೆ ಹೇಳಲಿ? ಅವನೂ ಹತ್ತು ಹೆಜ್ಜೆ ಊರ ಕಡೆ ಹಾಕಿದ. ಆಮೇಲೆ ಕಾಲೇಳಲಿಲ್ಲ. ಅಳುತ್ತಲೇ ಹಿಂದಕ್ಕೆ ಓಡಿದ.

ಬಾಗಿಲು ಬಿಟ್ಟಂತೆಯೇ ಇತ್ತು. ಪಹರೆ ಬದಲಾಗುವ ಹೊತ್ತು ಇನ್ನೂ ಆಗಿರಲಿಲ್ಲ, ಅವನು ಹೋದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಅಗಳಿ ಹಾಕಿ ಸುಮ್ಮನೆ ನಿಂತಿದ್ದರೆ ಕಿವಿ ಉಳಿಯುತ್ತಿತ್ತು. ಆದರೆ ದಂಡು ಬಂದ ಸುದ್ದಿ ಹೇಳುವವರಾರು? ನೆಟ್ಟಗೆ ಕಿಲ್ಲೇದಾರನ ಮುಂದೆ ಹೋಗಿ ನಿಂತ.

“ಬುದ್ಧೀ, ಕೆರೆತಾವ ದಂಡು ಇಳಿದೈತೆ.”

“ನಿಂಗೆ ಹೆಂಗೆ ಗೊತ್ತು?”

“ಓಡೋಗಿದ್ದೆ ಬುದ್ಧೀ. ಅಗಳಿ ಹಾಕಿರ್ಲಿಲ್ಲ, ಅದಕ್ಕೇ ವಾಪಸ್ ಬಂದೆ.”

“ಕಿವಿ ಹೋಗ್ತವೆ ಅಂತ ಗೊತ್ತಿಲ್ವೇನೋ?”

“ಗೊತ್ತೈತೆ. ಒಳಗೆ ಮುನ್ನೂರು ಜನ ಅವ್ರೆ.”

ಕಿಲ್ಲೇದಾರ ಈ ಸಲ ತಲೆಯೆತ್ತಿ ಅವನ ಮುಖ ನೋಡಿದ. ಆಮೇಲೆ ಪಕ್ಕದಲ್ಲಿದ್ದ ಆಳುಗಳ ಕಡೆ ತಿರುಗಿ, “ಬಿಟ್ಟುಹೋಗಿದ್ದಕ್ಕೆ ಎಲ್ಲರ ಮುಂದೆ ಹನ್ನೆರಡು ಛಡಿ ಏಟು. ಕಿವಿ ಮುಟ್ಟಬೇಡಿ. ಮೂರು ಸಲ ಕೇಳ್ದ, ನಾನು ಅವನ ಮುಖ ಕೂಡ ನೋಡ್ಲಿಲ್ಲ. ದಂಡು ತೊಲಗಿದ ದಿನ ಇವನಿಗೆ ಒಂದು ತಿಂಗಳು ರಜೆ” ಎಂದ.

ಏಟು ತಪ್ಪಿತೇ? ತಪ್ಪಲಿಲ್ಲ, ಹನ್ನೆರಡೂ ಬಿದ್ದವು. ಆದರೆ ಇಪ್ಪತ್ತು ದಿನಕ್ಕೆ ಶತ್ರು ಮುತ್ತಿಗೆ ತೆಗೆದ, ಇವನು ಹಗಲಲ್ಲೇ ಹೆಬ್ಬಾಗಿಲಿನಿಂದ ಊರಿಗೆ ಹೋದ. ಮಗಳು ಮೀಸೆ ಹಿಡಿದು ಜಗ್ಗಿದಳಂತೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಒಪ್ಪಿಕೊಂಡ ಕೆಲಸದಿಂದ ಮೆಲ್ಲಗೆ ಜಾರಿಕೊಂಡಿದ್ದೀರಿ. ಅಣ್ಣನ ಜೊತೆ ಮಾತು ಬಿಟ್ಟಿದ್ದೀರಿ. ಹಿಂದಿರುಗಿದರೆ ಬೈಸಿಕೊಳ್ಳಬೇಕಲ್ಲ ಎಂದು ಹೆದರುತ್ತೀರಿ. ಬೈಸಿಕೊಳ್ಳಿ ಸ್ವಾಮಿ, ನಾಲ್ಕು ಮಾತು ಬಿದ್ದರೆ ಬೀಳಲಿ! ಯಜಮಾನರಾಗಿದ್ದೀರಾ? ಹಾಗಾದರೆ ಎದುರು ನಿಂತು ಕೇಳುವವನ ಮುಖ ನೋಡಿ ಉತ್ತರ ಕೊಡಿ. ಇವತ್ತು ಮನೆಗೆ ಹೋದವರೇ, ಕೈಕಾಲು ತೊಳೆಯುವ ಮೊದಲು ಅಣ್ಣನಿಗೆ ಫೋನ್ ಮಾಡಿ. ‘ತಪ್ಪಾಯಿತು’ ಎನ್ನಿ, ಸಾಕು. ಮುಂದಿನದನ್ನು ಅವನೇ ಮಾತಾಡುತ್ತಾನೆ.