ಮೀನಿಲ್ಲದ ಹವಳದ ತೊಟ್ಟಿಯ ಮುಂದೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಮನೆಯವರಿಗೆ — ಭಾವನಿಗೆ, ಮಗಳಿಗೆ — ವಿಶೇಷವಾಗಿ ನಮಸ್ಕಾರ. ನಿರ್ದೇಶಕರೇ, ನನ್ನ ಜೊತೆ ಕೆಲಸ ಮಾಡುವವರೇ, ಮೀನು ನೋಡಲು ಬಂದು ಬಂದು ಅಕ್ಕನಿಗೆ ಪರಿಚಯವಾದವರೇ —

ನಾನು ಈ ಅಕ್ವೇರಿಯಂನ ತೊಟ್ಟಿಗಳೊಳಗೆ ಇಳಿದು ಗಾಜು ಉಜ್ಜುವವನು. ಕೆಲಸದ ಹೊತ್ತಿನಲ್ಲಿ ಬಾಯಿಗೆ ಗಾಳಿಯ ಕೊಳವೆ ಕಚ್ಚಿಕೊಂಡಿರುತ್ತೇನೆ. ಹಾಗಾಗಿ ಮಾತಿನ ಅಭ್ಯಾಸ ಕಡಿಮೆ. ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಕನ ನೆನಪಿನ ಈ ಸಭೆಯನ್ನು ಮೇಲಿನ ಕೋಣೆಯಲ್ಲಿ ಮಾಡೋಣ ಎಂದಿದ್ದರು. ಇಲ್ಲೇ ಆಗಬೇಕು ಎಂದು ಹಟ ಹಿಡಿದವನು ನಾನು. ಯಾಕೆಂದರೆ — ನೋಡಿ, ನನ್ನ ಬೆನ್ನ ಹಿಂದೆ ನೋಡಿ. ಹವಳ ಇದೆ. ಕಲ್ಲಿನ ಸಂದಿಯಲ್ಲಿ ಸಿಗಡಿ ಇದೆ. ನೀರು ಇದೆ, ಬೆಳಕು ಇದೆ. ಮೀನು ಇಲ್ಲ. ಒಂದೂ ಇಲ್ಲ. ಟಿಕೆಟ್ ತೆಗೆದುಕೊಂಡು ಬಂದವರು ಮೂಗನ್ನು ಗಾಜಿಗೆ ಒತ್ತಿ ಕೇಳುತ್ತಾರೆ, "ಮೀನೆಲ್ಲ ಎಲ್ಲಿ ಹೋದ್ವು?" ಆ ಪ್ರಶ್ನೆಗೆ ಉತ್ತರ ಹೇಳಿದರೆ ಅಕ್ಕನ ಬಗ್ಗೆ ಹೇಳಿದ ಹಾಗೆಯೇ.

ಈ ತೊಟ್ಟಿಯ ಜೀವಗಳ ಆರೋಗ್ಯವೆಲ್ಲ ಅಕ್ಕನ ಜವಾಬ್ದಾರಿಯಾಗಿತ್ತು. ಮೀನಿನ ವೈದ್ಯೆ, ಇಲ್ಲಿ ಕೆಲಸ ಮಾಡುವ ನಮಗೆಲ್ಲ ಅಕ್ಕ. ನಾವು ಇಟ್ಟ ಅಡ್ಡಹೆಸರು ಬೇರೆ — ಬೇಡಕ್ಕ. ಹೊಸ ಮೀನು ಬಂತು, ಒಳಗೆ ಬಿಡೋಣವಾ? ಬೇಡ. ಆ ತೊಟ್ಟಿಯ ಬಲೆ ಇಲ್ಲಿಗೆ ತರಲಾ? ಬೇಡ. ಇನ್ನೊಂದು ಹಿಡಿ ಮೇವು ಹಾಕಲಾ? ಬೇಡವೇ ಬೇಡ. ಬಂದ ಮೀನು ಯಾವುದೇ ಇರಲಿ, ಹಿಂದಿನ ಕೋಣೆಯ ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಇರಬೇಕು. ಅದಕ್ಕೆ ಬೇರೆ ಬಲೆ, ಬೇರೆ ಬಕೆಟ್ಟು. ಅಲ್ಲಿಂದ ಬಂದವರು ಕೈ ತೊಳೆಯದೆ ಇಲ್ಲಿ ಬೆರಳು ಅದ್ದುವಂತಿಲ್ಲ. "ರೋಗಕ್ಕೆ ಕಾಲಿಲ್ಲ ಕಣ್ರೋ. ನಾವೇ ಹೊತ್ಕೊಂಡು ಬಂದು ಬಿಡೋದು" ಅನ್ನುತ್ತಿದ್ದರು.

ಭಾವ ಒಮ್ಮೆ ನಮ್ಮೆದುರಿಗೇ ರೇಗಿಸಿದ್ದರು — "ಇಲ್ಲಿ ಉಪ್ಪನ್ನ ತೂಕ ಮಾಡಿ ಹಾಕ್ತಾಳೆ. ಮನೇಲಿ ಅಡುಗೆಗೆ ಹಾಕೋದನ್ನೇ ಮರೀತಾಳೆ." ಅಕ್ಕ ಬಿಟ್ಟಾರೆಯೇ? "ನಿಮ್ಮ ರಕ್ತದೊತ್ತಡಕ್ಕೆ ಅದೇ ಔಷಧಿ" ಅಂದರು. ನಕ್ಕು ನಕ್ಕು ನನ್ನ ಕೈಯ ಚಹಾ ಚೆಲ್ಲಿತ್ತು.

ಈಗ ಕಷ್ಟದ ಮಾತು. ಹೇಳಲೋ ಬೇಡವೋ ಎಂದು ತುಂಬ ಒದ್ದಾಡಿದೆ — ಹೇಳುತ್ತೇನೆ.

ಮುಚ್ಚಿಹೋದ ಇನ್ನೊಂದು ಅಕ್ವೇರಿಯಂನವರು ತಮ್ಮ ಮೀನುಗಳನ್ನು ನಮಗೆ ಕೊಟ್ಟರು. ಚಂದದ ಮೀನುಗಳು. ಅದೇ ವಾರ ಹೊಸ ಸಭಾಂಗಣದ ಉದ್ಘಾಟನೆ, ದೊಡ್ಡ ದೊಡ್ಡ ಅತಿಥಿಗಳು. ಅಕ್ಕನಿಗೆ ಎದೆಯ ಪರೀಕ್ಷೆ ಇತ್ತು, ಆಸ್ಪತ್ರೆಗೆ ಹೋಗಿದ್ದರು. ಅವರು ಇಲ್ಲದ ಹೊತ್ತಿನಲ್ಲಿ ಆ ಮೀನುಗಳನ್ನು ನೇರವಾಗಿ ಈ ತೊಟ್ಟಿಗೆ ಬಿಡಿಸಲಾಯಿತು. ಬಿಡಿಸಿದವರು ಇಲ್ಲೇ ಕುಳಿತಿದ್ದಾರೆ. ಸಾರ್, ಕೋಪ ಮಾಡಿಕೊಳ್ಳಬೇಡಿ. ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಲು ನಾನು ಎದ್ದು ನಿಂತಿಲ್ಲ.

ಅತಿಥಿಗಳು ಬಂದರು, ಚಪ್ಪಾಳೆ ತಟ್ಟಿದರು, ಹೋದರು. ಆಮೇಲೆ ನೀಲಿ ಮೀನೊಂದು ಕಲ್ಲಿಗೆ ಮೈ ಉಜ್ಜಲು ಶುರು ಮಾಡಿತು — ಹೀಗೆ, ತುರಿಕೆ ಬಂದ ದನ ಕಂಬಕ್ಕೆ ಉಜ್ಜಿದ ಹಾಗೆ. ಅಕ್ಕ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದರ ಕಿವಿರನ್ನೇ ನೋಡಿದರು. ನಮಗೆ ಏನೂ ಕಾಣಲಿಲ್ಲ. ಅವರು ಮಾತ್ರ, "ಉಸಿರು ಜಾಸ್ತಿ ಇದೆ. ಬಂದ್ಬಿಟ್ಟಿದೆ" ಅಂದರು.

ಬಿಳಿ ಚುಕ್ಕೆ ರೋಗ. ಮೈಮೇಲೆ ಉಪ್ಪು ಚಿಮುಕಿಸಿದಂತೆ ಚುಕ್ಕೆಗಳು ಎದ್ದವು. ಕೆಲವು ದಿನಗಳಲ್ಲಿ ತಾವಾಗಿಯೇ ಮಾಯವೂ ಆದವು. ನಿರ್ದೇಶಕರಿಗೆ ಹೋದ ಜೀವ ಬಂದ ಹಾಗಾಯಿತು. "ನೋಡಮ್ಮಾ, ವಾಸಿ ಆಯ್ತಲ್ಲ!" ಎಂದರು.

"ವಾಸಿ ಅಲ್ಲ ಸಾರ್. ಬೂದಿ ಮುಚ್ಚಿದ ಕೆಂಡ. ರೋಗದ ಹುಳ ಮೀನಿನ ಮೈಯಿಂದ ಇಳಿದು ಮರಳಲ್ಲಿ, ಕಲ್ಲಲ್ಲಿ ಕೂತಿದೆ. ಮರಿ ಮಾಡ್ಕೊಂಡು ದಂಡು ಕಟ್ಕೊಂಡು ಬರತ್ತೆ."

ಬಂತು. ಚಿಟ್ಟೆ ಮೀನುಗಳು ಮೊದಲು ಮೇವು ಬಿಟ್ಟವು, ಆಮೇಲೆ ಒಂದೊಂದಾಗಿ ಜೀವ ಬಿಟ್ಟವು.

ನೀರಿಗೆ ಔಷಧಿ ಹಾಕಿಬಿಡಿ ಎಂದು ಎಲ್ಲರೂ ಕೇಳಿದೆವು. ಈ ರೋಗದ ಔಷಧಿಯಲ್ಲಿ ತಾಮ್ರ ಇರುತ್ತದೆ. ಅದು ಹುಳವನ್ನು ಕೊಲ್ಲುತ್ತದೆ ನಿಜ, ಆದರೆ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ. ಹಾಗಾದರೆ ದಾರಿ ಒಂದೇ ಎಂದರು ಅಕ್ಕ. ಇರುವ ಮೀನನ್ನೆಲ್ಲ ಹೊರಗೆ ತೆಗೆದು ಬೇರೆ ತೊಟ್ಟಿಯಲ್ಲಿ ಔಷಧಿ ಕೊಡಬೇಕು. ಈ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಒಂದೇ ಒಂದು ಮೀನೂ ಇರಬಾರದು. ಹತ್ತಲು ಮೀನಿನ ಮೈ ಸಿಗದೆ ಹುಳದ ವಂಶ ತಾನಾಗಿ ಅಳಿಯಬೇಕು.

"ಮೀನಿಲ್ಲದ ಅಕ್ವೇರಿಯಂಗೆ ಯಾರು ಬರ್ತಾರಮ್ಮ?" ಎಂದರು ನಿರ್ದೇಶಕರು.

"ಸತ್ತ ಮೀನು ನೋಡೋಕೆ ಯಾರು ಬರ್ತಾರೆ ಸಾರ್?"

ಅಷ್ಟೇ. ಕಡ್ಡಿ ಮುರಿದ ಹಾಗೆ. ನಿರ್ದೇಶಕರು ಒಪ್ಪಿದರು.

ಹವಳದ ಕಲ್ಲುಗಳ ನಡುವೆ ಮೀನು ಹಿಡಿಯುವುದೆಂದರೆ — ಹುಡುಗಾಟ ಅಲ್ಲ. ನೀರನ್ನು ಅರ್ಧಕ್ಕೆ ಇಳಿಸಿ ಕಲ್ಲುಗಳನ್ನು ಒಂದೊಂದಾಗಿ ಎತ್ತಬೇಕು. ಒಂದು ಮೀನು ಉಳಿದರೂ ಎಲ್ಲ ನೀರಲ್ಲಿ ಹೋಮ. ಅಕ್ಕ ಸೊಂಟದ ಮಟ್ಟದ ನೀರಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದರು. ಕಲ್ಲು ಎತ್ತಿದಾಗಲೆಲ್ಲ ತೊಟ್ಟಿಯ ಅಂಚು ಹಿಡಿದು ನಿಲ್ಲುತ್ತಿದ್ದರು. ತುಟಿ ಬಣ್ಣಗೆಟ್ಟಿತ್ತು. "ಅಕ್ಕಾ, ಮೇಲೆ ಹತ್ತಿ. ನಾವಿದ್ದೀವಲ್ಲ" ಎಂದೆ. "ಸುಮ್ನಿರೋ. ಆ ಮೂಲೇಲಿ ಇನ್ನೊಂದಿದೆ, ತಪ್ಪಿಸ್ಕೊಳ್ತಾ ಇದೆ ನೋಡು" ಎಂದರು.

ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎದೆಯ ಪರೀಕ್ಷೆ ಮಾಡಿದ ಡಾಕ್ಟರು ಕೂಡಲೇ ಬಂದು ದಾಖಲಾಗಿ ಎಂದಿದ್ದರಂತೆ. ಭಾವ ಬೇಡಿಕೊಂಡಿದ್ದರಂತೆ. ಮಗಳು ಜಗಳವಾಡಿ ಊಟ ಬಿಟ್ಟಿದ್ದಳಂತೆ — "ಮೀನಿಗಿರೋ ಬೆಲೆ ನಿಂಗಿಲ್ವೇನಮ್ಮಾ?" ಎಂದು. ಅಕ್ಕ ಇಬ್ಬರಿಗೂ ಒಂದೇ ಉತ್ತರ ಹೇಳುತ್ತಿದ್ದರಂತೆ — "ಇವನ್ನೊಂದು ದಡ ಮುಟ್ಟಿಸಿ ಬರ್ತೀನಿ."

ದಡ ಮುಟ್ಟಿಸಿದರು. ಮೀನುಗಳು ಹಿಂದಿನ ಕೋಣೆಯಲ್ಲಿ ಚೇತರಿಸಿಕೊಂಡವು, ಮೇವಿಗೆ ಬಾಯಿ ಹಾಕಿದವು. ಅಕ್ಕ ಆಸ್ಪತ್ರೆಗೆ ಹೋದಾಗ ತಡವಾಗಿತ್ತು.

ನಾನು ನೋಡಲು ಹೋಗಿದ್ದೆ. ದಿಂಬಿಗೆ ಒರಗಿ ಕುಳಿತಿದ್ದರು. ಒಂದು ಮಾತು ಆಡಿ, ನಿಂತು, ಉಸಿರು ಎಳೆದು ಇನ್ನೊಂದು ಮಾತು. ಮೀನು ಹೇಗಿವೆ ಎಂದು ಕೇಳುತ್ತಾರೆ, ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಕೇಳಲಿಲ್ಲ. ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು — ಹೀಗೆ — ಹೇಳಿದರು:

"ಒಂದು ಮೀನು ಹೀಗೆ ಉಸಿರಾಡಿದ್ರೆ ನಾನು ಬಿಡ್ತಿದ್ನೇನೋ? ನನ್ನದೇ ನಂಗೆ ಕಾಣ್ಲಿಲ್ಲ."

 

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ಗಾಜಿನ ಆಚೆಯಿಂದ ಕಿವಿರಿನ ಬಡಿತ ನೋಡಿ ರೋಗ ಹಿಡಿಯುತ್ತಿದ್ದ ಕಣ್ಣು ಅದು. ಪಕ್ಕದಲ್ಲೇ ನಿಂತಿದ್ದ ನಮ್ಮ ಕಣ್ಣಾದರೂ ಏನು ಮಾಡುತ್ತಿತ್ತು? ಎಲ್ಲರೂ ಮೀನನ್ನೇ ನೋಡುತ್ತಿದ್ದೆವು.

ಮಣ್ಣು ಮಾಡಿ ಬಂದ ದಿನ ಭಾವ ನನ್ನ ತೋಳು ಹಿಡಿದು ಹೇಳಿದರು — ಭಾವ, ಈ ಮಾತನ್ನು ನಿಮ್ಮನ್ನು ಕೇಳಿಯೇ ಹೇಳುತ್ತಿದ್ದೇನೆ — "ಅವಳು ತ್ಯಾಗ ಮಾಡಿದ್ಲು ಅಂತ ಸಭೇಲಿ ಯಾರೂ ಹೇಳ್ಬೇಡಿ. ನಂಗೆ ಅವಳು ಬೇಕಿತ್ತು, ತ್ಯಾಗ ಬೇಕಿರ್ಲಿಲ್ಲ." ಅದಕ್ಕೇ ಇವತ್ತು ಆ ಪದವನ್ನು ನಾನು ಆಡುವುದಿಲ್ಲ. ನನ್ನ ನಂತರ ಮಾತಾಡುವವರೂ ದಯವಿಟ್ಟು ಆಡಬೇಡಿ.

ಇನ್ನೊಂದೇ ಒಂದು ವಿಷಯ. ಈ ತೊಟ್ಟಿಗೆ ಕೊಟ್ಟ ಗಡುವು ಇನ್ನೂ ಮುಗಿದಿಲ್ಲ. ಶಾಲೆಗಳಿಗೆ ರಜೆ ಬಂತು, ಮೀನುಗಳು ಚೆನ್ನಾಗಿಯೇ ಇವೆಯಲ್ಲ, ಈ ವಾರವೇ ಬಿಟ್ಟುಬಿಡೋಣ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ. ಈಗ ಬಿಟ್ಟರೆ ರೋಗ ಮರಳಿ ಬರಬಹುದು. ಬಂದರೆ ಹಿಡಿಯಲು ಅಕ್ಕ ಇಲ್ಲ. ಭಾವನ ಎದುರಿಗೆ, ಮಗಳ ಎದುರಿಗೆ ಕೇಳುತ್ತಿದ್ದೇನೆ, ಸಾರ್ — ಕಾಯುತ್ತೀರಾ?

ತಲೆ ಆಡಿಸಿದಿರಿ. ಹೌದೋ ಅಲ್ಲವೋ ಗೊತ್ತಾಗಲಿಲ್ಲ. — ಹಿಂದೆ ಕುಳಿತವರಿಗೂ ಕೇಳುವ ಹಾಗೆ ಹೇಳಿ ಸಾರ್.

ಕೇಳಿಸಿತೇ? "ಗಡುವು ಮುಗಿಯೋವರೆಗೆ ಒಂದು ಮೀನೂ ಬಿಡಲ್ಲ" ಅಂದರು. ಕೂತುಕೊಳ್ಳಿ ಸಾರ್. ಅಳಬೇಡಿ. ನಿಮ್ಮನ್ನು ಅಳಿಸಬೇಕೆಂದು ಕೇಳಲಿಲ್ಲ.

ಮನಸ್ಸು ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಮೀನುಗಳು ತಮ್ಮ ಮನೆಗೆ ಮರಳುತ್ತವೆ. ಭಾವ ಇವತ್ತು ಬೀಗ ತೆಗೆದು ಒಳಗೆ ಹೋಗುವ ಮನೆಗೆ ಅಕ್ಕ ಮರಳುವುದಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ನನ್ನಿಂದ ಆಗದು.

ಈಗ ಅಕ್ಕನ ನೆನಪಿಗೆ ಎಲ್ಲರೂ ಎದ್ದು ನಿಂತು ಸ್ವಲ್ಪ ಹೊತ್ತು ಮೌನವಾಗಿರೋಣ. ನಿಲ್ಲಲು ಆಗದವರು, ಉಸಿರು ಕಟ್ಟಿದಂತೆ ಆಗುವವರು ಇದ್ದರೆ — ಕುಳಿತೇ ಇರಿ. ನಾಚಿಕೆ ಬೇಡ. ಮೌನ ಮುರಿದರೂ ಪರವಾಗಿಲ್ಲ, ಪಕ್ಕದವರಿಗೆ ಹೇಳಿ. ಪಕ್ಕದವರೇ, ನೀವೂ ಒಮ್ಮೆ ತಿರುಗಿ ನೋಡಿ.

ಏಳಿ.