ಬಾವಿಕಟ್ಟೆಯ ಬದಲಿ

ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ನಂಬದವರು ಹೋಗಿ ನೋಡಿಕೊಂಡು ಬನ್ನಿ.

ನಾವು ಅವನನ್ನು ಸಿಪಾಯಣ್ಣ ಅಂತಲೇ ಕರೆಯೋದು. ಯುದ್ಧ ಮುಗಿಸಿ ಬಂದವನ ಸಾಮಾನನ್ನು ಮನೆ ಮಾಲೀಕ ಬೀದಿಗೆ ಎಸೆದ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು? ಸರ್ಕಾರ ಕೊಟ್ಟದ್ದು ಮಾಜಿ ಸೈನಿಕರ ತಾತ್ಕಾಲಿಕ ವಸತಿಯಲ್ಲಿ ಒಂದು ರೂಮು. ಅವನು, ಅತ್ತಿಗೆ, ಪುಟ್ಟ ಮಗಳು. ಒಂದು ತಿಂಗಳು ಅಷ್ಟೆ. ಆ ತಿಂಗಳೂ ಮುಗಿದಿತ್ತು, ಬೆಳಗಾದರೆ ಖಾಲಿ ಮಾಡಬೇಕು. ಆಮೇಲೆ ಎಲ್ಲಿಗೆ... ಗೊತ್ತಿಲ್ಲ.

ಆ ರಾತ್ರಿ ಊರೆಲ್ಲ ಮನೆ ಹುಡುಕಿ ಬರಿಗೈಯಲ್ಲಿ ಬರುತ್ತಿದ್ದ. ವಸತಿಯ ಗೇಟಿಗಿಂತ ಮುಂಚೆ ಒಂದು ಹಾಳು ಬಾವಿ, ಪಕ್ಕದಲ್ಲಿ ಆಲದ ಮರ. ಅಲ್ಲಿ... ಕರ್... ಸರ್ರ್... ಕರ್... ಸರ್ರ್... ಜಲ್ಲಿಕಲ್ಲಿನ ಮೇಲೆ ಬೂಟು. ಒಂದು ಕಾಲು ಊರುತ್ತೆ, ಇನ್ನೊಂದು ಎಳೆಯುತ್ತೆ.

"ಯಾರಲ್ಲಿ?" ಕತ್ತಲೊಳಗಿಂದ ಪಿಸುದನಿ.

"ನಮ್ಮವನೇ."

"ಕಾವಲಿಗೆ ಬದಲಿ ಬಂದೆಯಾ?"

ವರ್ಷಗಟ್ಟಲೆ ಕಾವಲು ನಿಂತವನು. ಬಾಯಿ ತಾನಾಗಿ ಉತ್ತರ ಕೊಟ್ಟಿತು. "ಬಂದೆ. ನೀನು ಹೋಗಿ ಮಲಕ್ಕೋ."

ಬೂಟಿನ ಸದ್ದು ಗೇಟು ದಾಟಿ ಒಳಗೆ ಹೋಯಿತು. ಸಿಪಾಯಣ್ಣ ಕಾಲೆತ್ತಲು ನೋಡಿದ. ಬರಲಿಲ್ಲ. ಹೆದರಿಕೆಯೂ ಆಗಲಿಲ್ಲ... ಏನೂ ಆಗಲಿಲ್ಲ.

ಇತ್ತ ರೂಮಿನಲ್ಲಿ ಚಿಲಕ ಟಕ್ ಅಂತು. ಗೋಡೆ ಬದಿಯ ಖಾಲಿ ಮಂಚ ಕಿರ್ರ್... ಅಂತು. ಅತ್ತಿಗೆ ದೀಪ ಹಾಕಿದರೆ ಯಾರೂ ಇಲ್ಲ. ಟಾರ್ಚು ಹಿಡಿದು ಗಂಡನನ್ನು ಹುಡುಕುತ್ತಾ ಬಾವಿ ಹತ್ತಿರ ಓಡಿ ಬಂದರು.

"ರೀ, ಇಲ್ಲೇನು ಮಾಡ್ತಿದ್ದೀರಿ? ಬನ್ನಿ."

"ಬದಲಿ ಬರದೆ ಬಿಡೋ ಹಾಗಿಲ್ಲ ಕಣೇ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ನಿಮ್ಮದು. ಸರಿ, ನಾನೇ ಬದ..."

ಅವನು ಅತ್ತಿಗೆಯ ಬಾಯಿಗೆ ಕೈ ಅಡ್ಡ ಹಿಡಿದ. "ಆ ಮಾತು ಆಡಬೇಡ. ಮಗಳ ಹತ್ತಿರ ಹೋಗು."

ಬೆಳಗ್ಗೆ ವಸತಿ ಅಧಿಕಾರಿ ಬಂದ. ಆಲದ ಕೆಳಗೆ ಸ್ಕೂಟರ್ ನಿಲ್ಲಿಸಿದ.

"ಏನಯ್ಯಾ, ಇನ್ನೂ ಹೊರಟಿಲ್ವಾ? ಹೋದ ವರ್ಷ ನಿನ್ನದೇ ರೂಮಿನ ಕುಂಟ ಸಿಪಾಯಿ, ಖಾಲಿ ಮಾಡಿಸಿದ್ದಕ್ಕೆ ಇಲ್ಲೇ ಬಂದು ಕೂತು ಸತ್ತ. ನೀನೂ ಶುರು ಹಚ್ಚಿಕೊಂಡ್ಯಾ?"

"ಬದಲಿ ಬರಬೇಕು ಸಾರ್."

ಅಧಿಕಾರಿ ನಕ್ಕ. "ಆಯ್ತು ಮಾರಾಯ, ನಾನೇ ಬದಲಿ. ಹೋಗು, ಗಂಟುಮೂಟೆ ಕಟ್ಟು."

ಬೇಡ ಅನ್ನಬಹುದಿತ್ತು. ಸಿಪಾಯಣ್ಣ ಅನ್ನಲಿಲ್ಲ. ಕಾಲು ಸಡಿಲಾಯಿತು. ತಿರುಗಿ ನೋಡದೆ ರೂಮಿಗೆ ನಡೆದ.

ಖಾಲಿ ಮಾಡಿ ಅಂತ ಇವತ್ತಿಗೂ ಯಾರೂ ಬಂದಿಲ್ಲ. ಗೋಡೆ ಬದಿಯ ಮಂಚದಲ್ಲಿ ಮನೆಯವರು ಮಲಗಲ್ಲ. ಅತ್ತಿಗೆ ದಿನಾ ರಾತ್ರಿ ಅದರ ಮೇಲೊಂದು ಕಂಬಳಿ ಇಡುತ್ತಾರೆ.

ನಾನು ಸುಳ್ಳು ಹೇಳುತ್ತಿಲ್ಲ... ಅಧಿಕಾರಿಯ ಸ್ಕೂಟರ್ ಇನ್ನೂ ಆ ಆಲದ ಕೆಳಗೇ ಇದೆ. ಕೀ ಅದರಲ್ಲೇ ಇದೆ. ಸೀಟಿನ ತುಂಬ ಆಲದೆಲೆ.