ಲೇಬಲ್ ಇಲ್ಲದ ಆರನೆಯ ಸ್ವಿಚ್ಚು

ಹೆಸರು: ಸಲ್ಬಿಯಾ ಬಿಂತಿ ಹಾರೂನ್. ವಯಸ್ಸು: 56 ವರ್ಷ. ಉದ್ಯೋಗ: ಹೆಂಗಸರ ಉಡುಪು ಹೊಲಿಯುವುದು, ಹೊಲಿಗೆ ಕಲಿಸುವುದು. ವಾಸ: ಮನೆ ನಂ. 46, ಪಾಸಾರ್ ಬೀದಿ, ಕ್ವಾಲಾ ತೆಂಬಾಂಗ್, ಪೆರಾಕ್.

ಮೇಲೆ ಹೆಸರಿಸಿದ ನಾನು, ಯಾರ ಒತ್ತಾಯವೂ ಇಲ್ಲದೆ ಈ ದಿನ ಠಾಣೆಗೆ ಬಂದು, ಈ ಮೂಲಕ ತಿಳಿಸುವುದೇನೆಂದರೆ:

ನಾನು ಈ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದೇನೆ. ಗಂಡ ತೀರಿಕೊಂಡು ಆರು ವರ್ಷವಾಯಿತು. ನನ್ನ ಮನೆಯೂ ಪಕ್ಕದ 48ನೇ ನಂಬರಿನ ಮನೆಯೂ ಮೊದಲು ಒಂದೇ ಆಗಿದ್ದವು. ಹಿಂದಿನ ಮಾಲೀಕರಾದ ಅಣ್ಣತಮ್ಮಂದಿರು ಜಗಳವಾಡಿ ನಡುವೆ ಗೋಡೆ ಎಬ್ಬಿಸಿದರು. ಮನೆಯ ಹಳೆಯ ಗೋಡೆಗಳೆಲ್ಲ ಒಂದೂವರೆ ಅಡಿ ದಪ್ಪ ಇವೆ. ಜಗಳದ ಗೋಡೆ ಮಾತ್ರ ನಾಲ್ಕೂವರೆ ಇಂಚು.

48 ಈಗ ಹಕ್ಕಿಮನೆ. ಎಂಜಲಿನಿಂದ ಗೂಡು ಕಟ್ಟುವ ಹಕ್ಕಿಗಳನ್ನು ಒಳಗೆ ಕರೆದು ಗೂಡು ಕಟ್ಟಿಸಿ, ಆ ಗೂಡನ್ನು ಸೂಪಿಗೆ ಮಾರುತ್ತಾರೆ. ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಸಿದ್ದಾರೆ, ಹಕ್ಕಿಗಳಿಗೆಂದು ಮೇಲೆ ಒಂದು ಕಿಂಡಿ ಬಿಟ್ಟಿದ್ದಾರೆ. ಹಕ್ಕಿಯ ಕೂಗನ್ನು ಹಗಲೂ ರಾತ್ರಿ ಸ್ಪೀಕರಿನಲ್ಲಿ ಹಾಕಿರುತ್ತಾರೆ. ಎರಡು ವರ್ಷದಿಂದ ಅದು ನಿಂತದ್ದಿಲ್ಲ. ಮೊದಲ ತಿಂಗಳು ನಾನು ಹೋಗಿ ಜಗಳವಾಡಿದ್ದೆ, ಆಮೇಲೆ ಕಿವಿ ಒಗ್ಗಿಹೋಯಿತು. ಮಾಲೀಕರು ಲಾವ್ ಕೊಕ್ ಹಿಂಗ್, ಸುಮಾರು ಅರವತ್ತು ವರ್ಷದವರು; ಊರಿನವರೆಲ್ಲ ಅವರನ್ನು ಟೌಕೆ, ಅಂದರೆ ಸಾಹುಕಾರ, ಎಂದೇ ಕರೆಯುವುದು. ಬೀದಿಯ ತುದಿಯಲ್ಲಿ, ನನ್ನ ಬಾಗಿಲಿನಿಂದ 300 ಮೀಟರ್ ದೂರದಲ್ಲಿರುವ ಕಾಫಿ ಅಂಗಡಿಯೂ ಅವರದೇ. ನನ್ನ ಗಂಡನ ಮಯ್ಯತ್ತಿನ ದಿನ ಬಂದವರಿಗೆಲ್ಲ ಅವರೇ ಚಹಾ ಕಳಿಸಿದ್ದರು. ನಾನು ಅವರನ್ನು ಒಳ್ಳೆಯವರೆಂದು ನಂಬಿದ್ದೆ.

ದಿನಾಂಕ 7-8-2022ನೇ ಭಾನುವಾರ ಬೆಳಿಗ್ಗೆ 10:30ಕ್ಕೆ ಎಲೆಕ್ಟ್ರಿಷಿಯನ್ ಅಮಿರ್ದಲಿಂಗಂ ನನ್ನ ಮನೆಗೆ ಬಂದರು. ನಾನು ಮಹಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಹನ್ನೊಂದು ಹೆಂಗಸರಿಗೆ ಫೋನಿನಲ್ಲೇ ಹೊಲಿಗೆ ಕಲಿಸುತ್ತೇನೆ. ವೈಫೈ ಪೆಟ್ಟಿಗೆ ಕೆಳಗೆ ಮುಂದಿನ ಹಜಾರದಲ್ಲಿದೆ. ನಡುವೆ 24 ಮೀಟರ್ ದೂರ, ಎರಡು ಹಳೆಯ ಗೋಡೆ. ಕುತ್ತಿಗೆಪಟ್ಟಿ ತಿರುಗಿಸುವುದನ್ನು ತೋರಿಸುವ ಹೊತ್ತಿಗೇ ಸರಿಯಾಗಿ ಚಿತ್ರ ನಿಂತುಹೋಗುತ್ತಿತ್ತು. ಅಮಿರ್ದಲಿಂಗಂ ಎರಡು ಅಡಾಪ್ಟರ್ ತಂದಿದ್ದರು. ಒಂದನ್ನು ಕೆಳಗಿನ ಪ್ಲಗ್ಗಿಗೆ, ಇನ್ನೊಂದನ್ನು ಮೇಲಿನ ಪ್ಲಗ್ಗಿಗೆ ಚುಚ್ಚಿದರೆ, ಗೋಡೆಯೊಳಗಿನ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಹರಿದು ಬರುತ್ತದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಆದರೆ ಚುಚ್ಚಿದ ಕೂಡಲೇ ಮೇಲಿನದರಲ್ಲಿ ಹಸಿರು ದೀಪ ಹತ್ತಿತು.

11:10ಕ್ಕೆ ಅವರು ತಮ್ಮ ಫೋನಿನಲ್ಲಿ ಪಟ್ಟಿ ತೆಗೆದು ನೋಡಿದರು. ತಂತಿಯ ಮೇಲೆ ಎರಡರ ಬದಲು ಮೂರು ಅಡಾಪ್ಟರ್ ಇರುವುದಾಗಿ ಬಂತು. ‘ಅಕ್ಕಾ, ನಾನು ಹಾಕಿದ್ದು ಎರಡು, ಇದು ಮೂರು ಅಂತಿದೆ. ಮನೇಲಿ ದೆವ್ವಗಿವ್ವ ಬಾಡಿಗೆಗೆ ಇಟ್ಕೊಂಡಿದೀರಾ?’ ಎಂದು ಕೇಳಿದರು. ‘ದೆವ್ವ ಆದ್ರೂ ಸರಿ, ಅಡ್ವಾನ್ಸ್ ಇಸ್ಕೊಳ್ದೆ ನಾನು ಒಳಗೆ ಬಿಡಲ್ಲ ಅಣ್ಣಾ’ ಎಂದು ನಾನು ಹೇಳಿದೆ. ಇಬ್ಬರೂ ನಕ್ಕೆವು.

ಆಮೇಲೆ ಅವರು ನಗಲಿಲ್ಲ. ನಮ್ಮ ಎರಡನ್ನು ಮಾತ್ರ ಜೋಡಿ ಮಾಡುವ ಗುಂಡಿಯನ್ನು ತಾನಿನ್ನೂ ಒತ್ತಿಲ್ಲ, ಒತ್ತುವವರೆಗೆ ಒಂದೇ ಕಂಪನಿಯ ಅಡಾಪ್ಟರುಗಳು ತಂತಿಯ ಮೇಲೆ ಒಂದನ್ನೊಂದು ಹುಡುಕಿಕೊಳ್ಳುತ್ತವೆ, ಮೂರನೆಯದು ಎಲ್ಲೇ ಇದ್ದರೂ ನನ್ನ ಮೀಟರಿನ ಕರೆಂಟನ್ನೇ ಕುಡಿಯುತ್ತಿದೆ ಎಂದರು. ಅದನ್ನು ಪತ್ತೆ ಮಾಡಲು ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ ಒಂದೊಂದೇ ಸ್ವಿಚ್ಚು ಇಳಿಸಿದರು. ಬೋರ್ಡಿನಲ್ಲಿ ಆರು ಸ್ವಿಚ್ಚುಗಳಿವೆ. ಐದಕ್ಕೆ ನನ್ನ ಗಂಡನ ಅಕ್ಷರದ ಲೇಬಲ್ ಇದೆ. ಆರನೆಯದಕ್ಕೆ ಲೇಬಲ್ ಇಲ್ಲ. ಅದನ್ನು ನಾವು ಯಾರೂ ಯಾವತ್ತೂ ಮುಟ್ಟಿರಲಿಲ್ಲ.

11:24ಕ್ಕೆ ಆರನೆಯದನ್ನು ಇಳಿಸಿದರು. ಪಟ್ಟಿಯಿಂದ ಮೂರನೆಯ ಹೆಸರು ಹೋಯಿತು. ಅದೇ ಕ್ಷಣ ಹಕ್ಕಿಯ ಕೂಗೂ ನಿಂತಿತು.

ಎರಡು ವರ್ಷದ ನಂತರ ನನ್ನ ಮನೆಯ ಗಡಿಯಾರದ ಸದ್ದು ನನಗೆ ಕೇಳಿಸಿತು. ಅಮಿರ್ದಲಿಂಗಂ ಮೇಲಿನ ಅಡಾಪ್ಟರ್ ನೋಡಲು ಮಹಡಿಗೆ ಹೋದರು, ನಾನೂ ಹಿಂದೆ ಹೋದೆ. 11:26ಕ್ಕೆ ಜಗಳದ ಗೋಡೆಯ ಆಚೆಯಿಂದ ಯಾರೋ ಮೂರು ಸಲ ಬಡಿದರು. ಸ್ವಲ್ಪ ತಡೆದು ಮತ್ತೆ ಮೂರು ಸಲ ಬಡಿದರು. ಸದ್ದು ನನ್ನ ಸೊಂಟದ ಎತ್ತರದಿಂದ ಬಂತು. ‘ಹಕ್ಕಿ ಗೋಡೆಗೆ ಹೊಡ್ಕೊಳ್ತಿರ್ಬೇಕು’ ಎಂದು ಅಮಿರ್ದಲಿಂಗಂ ಹೇಳಿದರು. ಹಕ್ಕಿ ಎಣಿಸಿ ಹೊಡೆದುಕೊಳ್ಳುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

11:31ಕ್ಕೆ ಟೌಕೆ ಲಾವ್ ಮನೆಯಲ್ಲಿ ಹಾಕುವ ರಬ್ಬರ್ ಚಪ್ಪಲಿಯಲ್ಲೇ ಬೆವರುತ್ತ ನನ್ನ ಬಾಗಿಲಿಗೆ ಬಂದರು. ನಾವು ಕರೆದಿರಲಿಲ್ಲ. ಗೂಡಿನ ಕಳ್ಳರಿಗೆ ಹೆದರಿ ಒಳಗೆ ಕ್ಯಾಮೆರಾ ಇಟ್ಟಿರುವುದಾಗಿಯೂ, ಆ ಮೂರನೆಯ ಅಡಾಪ್ಟರ್ ಅದರದ್ದೆಂದೂ, ಕ್ಯಾಮೆರಾ ಆರಿದ್ದು ಫೋನಿನಲ್ಲಿ ಗೊತ್ತಾಯಿತೆಂದೂ ಹೇಳಿದರು. ‘ಅಕ್ಕಾ, ಹಳೇ ವೈರಿಂಗು, ಎರಡೂ ಮನೆ ಒಂದೇ ಇದ್ದಾಗಿಂದು. ಒಂದು ವಾರದಲ್ಲಿ ಬೇರೆ ಮಾಡಿಸ್ತೀನಿ. ಈಗ ಸ್ವಿಚ್ ಹಾಕ್ಬಿಡಿ. ಕೂಗು ನಿಂತ್ರೆ ಹಕ್ಕಿ ಹೋಗ್ಬಿಡ್ತವೆ, ಹೋದ ಹಕ್ಕಿ ವಾಪಸ್ ಬರಲ್ಲ’ ಎಂದು ಕೈ ಮುಗಿಯುವವರ ಹಾಗೆ ಬೇಡಿದರು. ನಮ್ಮ ಊರಿನಲ್ಲಿ ಇದು ಮಕ್ಕಳಿಗೂ ಗೊತ್ತು. ಹಕ್ಕಿಮನೆಯ ಕೂಗು ನಿಲ್ಲಿಸುವುದೆಂದರೆ ಇನ್ನೊಬ್ಬರ ಒಲೆಗೆ ನೀರು ಹೊಯ್ದ ಹಾಗೆ.

ಬಡಿದದ್ದು ಯಾರು ಎಂದು ಕೇಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ, ‘ಒಳಗೆ ಪಂಪ್ ರಿಪೇರಿಯವನಿದಾನೆ, ಕತ್ತಲಾಯ್ತು ಅಂತ ಬಡ್ದಿರ್ತಾನೆ’ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಆದರೂ 11:38ಕ್ಕೆ ಆರನೆಯ ಸ್ವಿಚ್ಚನ್ನು ನನ್ನ ಕೈಯಿಂದಲೇ ಎತ್ತಿದೆ. ಅಮಿರ್ದಲಿಂಗಂ ಎತ್ತಲಿಲ್ಲ, ನಾನೇ ಎತ್ತಿದೆ. ಕೂಗು ಮತ್ತೆ ಶುರುವಾಯಿತು.

11:41ಕ್ಕೆ ಟೌಕೆಯನ್ನು ಕಳಿಸಲು ಬಾಗಿಲಿಗೆ ಬಂದಾಗ 48ರ ಕಬ್ಬಿಣದ ಬಾಗಿಲು ನೋಡಿದೆ. ಎರಡು ಬೀಗಗಳಿದ್ದವು, ಎರಡೂ ಹೊರಗಿನಿಂದ ಹಾಕಿದ್ದವು. ಒಳಗೆ ರಿಪೇರಿಯವನಿದ್ದರೆ ಬೀಗ ತೆಗೆಯಬೇಕಿತ್ತು. ಟೌಕೆ ಅದರ ಮುಂದೆಯೇ ಹಾದು ಕಾಫಿ ಅಂಗಡಿಗೆ ಹೋದರು. ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ನಾನು ಒಳಗೆ ಹೋದೆ.

ಸಂಜೆ 5:00ಕ್ಕೆ ಟೌಕೆಯ ಅಂಗಡಿಯಿಂದ ನಾಲ್ಕು ಡುರಿಯನ್ ಹಣ್ಣು ಬಂದವು. ನಾನು ಒಂದನ್ನು ಒಡೆದು ತಿಂದೆ. ಹಣ್ಣು ಸಿಹಿಯಾಗಿತ್ತು. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವವರು ಹೇಳಿದರು. ಬರೆಯಿರಿ ಎಂದು ನಾನು ಹೇಳಿದೆ.

ದಿನಾಂಕ 8-8-2022ನೇ ಸೋಮವಾರ ಬೆಳಿಗ್ಗೆ 7:10ಕ್ಕೆ ಟೌಕೆ ಎಂದಿನಂತೆ ಹಕ್ಕಿಮನೆಗೆ ಬಂದರು. ಎಂಟು ತಿಂಗಳಿಂದ ಪ್ರತಿದಿನ ಅವರ ಕೈಯಲ್ಲಿ ಎರಡು ಪೊಟ್ಟಣ ಅನ್ನ ಇರುವುದನ್ನು ನಾನು ಹೂವಿನ ಗಿಡಗಳಿಗೆ ನೀರು ಹಾಕುತ್ತ ನೋಡುತ್ತಿದ್ದೆ. ಈ ಹಕ್ಕಿಗಳು ಹಾರುತ್ತಲೇ ಹುಳ ಹಿಡಿದು ತಿನ್ನುತ್ತವೆ, ಅವಕ್ಕೆ ಯಾರೂ ಅನ್ನ ಹಾಕುವುದಿಲ್ಲ. ಎಂಟು ತಿಂಗಳು ನೋಡಿಯೂ ನನಗೆ ಇದು ಹೊಳೆದಿರಲಿಲ್ಲ. ಆ ದಿನ ಅವರು ಬರಿಗೈಯಲ್ಲಿ ಬಂದು, ಐದು ನಿಮಿಷ ಒಳಗಿದ್ದು, ಬರಿಗೈಯಲ್ಲಿ ಹೋದರು. 9-8-2022ನೇ ಮಂಗಳವಾರವೂ ಬರಿಗೈಯಲ್ಲೇ ಬಂದರು. ಆ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಮಂಗಳವಾರ ಮಧ್ಯಾಹ್ನ 3:02ಕ್ಕೆ ನಾನೊಬ್ಬಳೇ ಆರನೆಯ ಸ್ವಿಚ್ಚು ಇಳಿಸಿದೆ. ಭಾನುವಾರ ಟೌಕೆ ಬರಲು ಏಳು ನಿಮಿಷ ಹಿಡಿದಿತ್ತು, ಅಷ್ಟು ಹೊತ್ತು ನನ್ನ ಕೈಯಲ್ಲಿದೆ ಎಂದು ಲೆಕ್ಕ ಹಾಕಿದ್ದೆ. ಹದಿನೆಂಟು ಮೆಟ್ಟಿಲು ಓಡಿ ಹತ್ತಿ ಗೋಡೆಗೆ ಬಾಯಿಟ್ಟು, ‘ಯಾರಮ್ಮಾ ಒಳಗೆ?’ ಎಂದು ಕೂಗಿದೆ. ಯಾಕೆ ‘ಅಮ್ಮಾ’ ಎಂದೆನೋ ತಿಳಿಯದು. ಹೆಂಗಸಿನ ಧ್ವನಿ ಬಂತು. ‘ಹೊಲಿಗೆ ಮಿಷಿನ್ ಅಕ್ಕಾನಾ?’ ಎಂದು ಕೇಳಿತು.

ನಾನು ಹೌದು ಎಂದೆ. ಆಕೆ ತನ್ನ ಹೆಸರು ಯೋವಿತಾ, ಊರು ಕಡಲಾಚೆಯ ಫ್ಲೋರೆಸ್ ದ್ವೀಪ, ಗೂಡಿನಿಂದ ಪುಕ್ಕ ಹೆಕ್ಕುವ ಕೆಲಸ, ಬಂದು ಎಂಟು ತಿಂಗಳಾಯಿತು, ಪಾಸ್‌ಪೋರ್ಟ್ ಟೌಕೆಯ ಬಳಿ ಇದೆ ಎಂದು ಹೇಳಿದಳು. ಕೂಗಿನ ನಡುವೆಯೂ ನನ್ನ ಮಿಷಿನ್ನು ನಡೆಯುವಾಗ ಗೋಡೆ ಅದುರುವುದು ಅಂಗೈಗೆ ತಿಳಿಯುತ್ತಿತ್ತಂತೆ. ಆಮೇಲೆ, ‘ಕರೆಂಟ್ ತೆಗೀಬೇಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಭಾನುವಾರ ಹೋಗಿದ್ದು ನನ್ನಿಂದಾನೇ ಅಂತ ಅವತ್ತಿಂದ ಊಟ ಕೊಟ್ಟಿಲ್ಲ’ ಎಂದಳು. ಇಲ್ಲಿಂದ ಮುಂದೆ ಟೌಕೆಗೆ ಬಹುವಚನ ಹಾಕಬೇಡಿ ಎಂದು ಬರೆದುಕೊಳ್ಳುತ್ತಿರುವವರಿಗೆ ಹೇಳಿದ್ದೇನೆ.

3:05ಕ್ಕೆ ಸ್ವಿಚ್ಚು ಎತ್ತಿದೆ. 3:08ಕ್ಕೆ ಅವನು ನನ್ನ ಬಾಗಿಲಿನಲ್ಲಿ ನಿಂತಿದ್ದ. ಈ ಸಲ ಬೆವರಿರಲಿಲ್ಲ. ಸ್ವಿಚ್ಚಿನ ಮಾತೇ ಎತ್ತಲಿಲ್ಲ. ‘ಅಕ್ಕಾ, ಒಂಟಿ ಹೆಂಗ್ಸು ನೀವು. ಇಷ್ಟು ಹಳೇ ವೈರಿಂಗ್ ಇಟ್ಕೊಂಡು ಮಲಗೋದು ಒಳ್ಳೇದಲ್ಲ. ಬೆಂಕಿ ಹತ್ತಿದ್ರೆ ಯಾರು ಬರ್ತಾರೆ?’ ಎಂದು ನಗುತ್ತ ಕೇಳಿ, ಇವತ್ತೇ ತಂತಿ ಬೇರೆ ಮಾಡಿಸುತ್ತೇನೆ ಎಂದು ಹೇಳಿ ಹೋದ. ಅವನು ಕಣ್ಮರೆಯಾಗುವವರೆಗೆ ಕಾದೆ. ಆಮೇಲೆ ಸ್ಕೂಟರ್ ಕೀಲಿ ತೆಗೆದುಕೊಂಡು ಹೊರಟೆ.

3:40ಕ್ಕೆ ನಾನು 1.4 ಕಿ.ಮೀ. ದೂರದ ಈ ಠಾಣೆಗೆ ಬಂದೆ. ಸಾರ್ಜೆಂಟ್ ಹಮೀದಾ ಮತ್ತು ಇಬ್ಬರು ಪೊಲೀಸರು ನನ್ನೊಂದಿಗೆ ಹೊರಟು 4:35ಕ್ಕೆ ಮನೆ ತಲುಪಿದರು. ಕಾಫಿ ಅಂಗಡಿ ಮುಚ್ಚಿತ್ತು. 48ರ ಬಾಗಿಲಿನಲ್ಲಿ ಎರಡೂ ಬೀಗಗಳಿದ್ದವು. ಎಷ್ಟು ತಟ್ಟಿದರೂ ಹಕ್ಕಿಯ ಕೂಗಲ್ಲದೆ ಬೇರೇನೂ ಕೇಳಲಿಲ್ಲ. ನಾನು ಆರನೆಯ ಸ್ವಿಚ್ಚು ಇಳಿಸಿ ತೋರಿಸಿದೆ. ಕೂಗು ನಿಲ್ಲಲಿಲ್ಲ. ಸ್ವಿಚ್ಚು ಮತ್ತೆ ಎತ್ತಿದರೂ, ಅಮಿರ್ದಲಿಂಗಂ ನನ್ನ ಫೋನಿಗೂ ಹಾಕಿಕೊಟ್ಟಿದ್ದ ಪಟ್ಟಿಯಲ್ಲಿ ಎರಡೇ ಹೆಸರಿದ್ದವು. ಅವನು ಆಗಲೇ ಕರೆಂಟನ್ನು ತನ್ನ ಮೀಟರಿಗೆ ಬದಲಿಸಿಕೊಂಡಿದ್ದ. ಪೊಲೀಸರೊಬ್ಬರು ನನ್ನನ್ನು ನೋಡಿದ ರೀತಿಯಿಂದ, ಒಂಟಿ ಮುದುಕಿಗೆ ತಲೆ ಕೆಟ್ಟಿದೆ ಎಂದು ಅವರು ತಿಳಿದಂತೆ ನನಗನಿಸಿತು.

ಇಡೀ ಬೀದಿಯ ಕರೆಂಟ್ ತೆಗೆಸಿ, ಕೂಗು ನಿಂತರೆ ಒಳಗಿನ ಸದ್ದು ಕೇಳಿಸುತ್ತದೆ ಎಂದು ನಾನು ಸಾರ್ಜೆಂಟ್ ಹಮೀದಾ ಅವರ ತೋಳು ಹಿಡಿದು ಕೇಳಿಕೊಂಡೆ. ‘ಅಕ್ಕಾ, ಒಳಗೆ ಯಾರೂ ಇಲ್ದಿದ್ರೆ ಬೀದಿಯವರೆಲ್ಲ ನನ್ನ ಬೈತಾರೆ’ ಎಂದರು. ‘ಅದ್ರಲ್ಲಿ ಅರ್ಧ ಬೈಗುಳ ನನ್ನ ಮನೆಗೆ ಕಳಿಸಿ’ ಎಂದೆ. ಅವರು ಸಪ್ಲೈ ಕಚೇರಿಗೆ ಫೋನ್ ಮಾಡಿದರು. 5:52ಕ್ಕೆ ಲೈನ್‌ಮನ್ ಕಂಬದ ಫ್ಯೂಸ್ ಕಿತ್ತರು. ಬೀದಿಯೆಲ್ಲ ನಿಶ್ಶಬ್ದವಾಯಿತು.

ಸಾರ್ಜೆಂಟ್ ಮತ್ತು ನಾನು ಮಹಡಿಯ ಗೋಡೆಯ ಬಳಿ ನಿಂತೆವು. ಒಂದು ನಿಮಿಷ ಕಳೆಯಿತು, ಏನೂ ಕೇಳಲಿಲ್ಲ. ಎರಡು, ಮೂರು ನಿಮಿಷವಾದರೂ ಏನೂ ಇಲ್ಲ. ನಾನು ಎರಡು ಸಲ ಹೆಸರು ಹಿಡಿದು ಕೂಗಿದೆ. ತಾನು ಬಡಿದರೆ ಊಟ ಹೋಗುತ್ತದೆ ಎಂದು ಹೆದರಿದ್ದಾಳೋ, ಬಡಿಯಲು ಕೈಯೇ ಏಳುತ್ತಿಲ್ಲವೋ ತಿಳಿಯಲಿಲ್ಲ. ಆಗ ನಾನು ಮಿಷಿನ್ನನ್ನು ಗೋಡೆಗೆ ಒತ್ತಿಟ್ಟು, ಕರೆಂಟ್ ಇಲ್ಲದ್ದರಿಂದ ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. 5:57ಕ್ಕೆ ಆಚೆಯಿಂದ ಸದ್ದು ಬಂತು. ಒಂದೇ ಸಲ ಬಂತು, ನೆಲದ ಮಟ್ಟದಿಂದ ಬಂತು. ಸಾರ್ಜೆಂಟ್ ಮೆಟ್ಟಿಲಿಳಿದು ಓಡಿದರು.

6:15ಕ್ಕೆ ಬೀಗ ಕತ್ತರಿಸಿದರು. 6:30ಕ್ಕೆ ಯೋವಿತಾಳನ್ನು ಕಂಬಳಿಯಲ್ಲಿ ಸುತ್ತಿ ಕೆಳಗೆ ತಂದರು. ವಯಸ್ಸು ಇಪ್ಪತ್ತಮೂರಂತೆ. ಎಂಟು ತಿಂಗಳ ನಂತರದ ಬಿಸಿಲಿಗೆ ಅವಳು ಕಣ್ಣು ಬಿಡಲಾರದೆ ನನ್ನ ತಲೆವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಲಾವ್ ಕೊಕ್ ಹಿಂಗ್ ಈವರೆಗೂ ಸಿಕ್ಕಿಲ್ಲವೆಂದು ಇಂದು ತಿಳಿಯಿತು. ಅವನ ಬೆಂಕಿಯ ಮಾತು ನೆನೆದು ನನಗೆ ಮನೆಯಲ್ಲಿ ಮಲಗಲು ಭಯವಾಗಿದೆ. ಆದ್ದರಿಂದ ರಕ್ಷಣೆ ಕೋರುತ್ತೇನೆ.

ದಿನಾಂಕ 10-8-2022ನೇ ಬುಧವಾರ ಸಂಜೆ 4:20ಕ್ಕೆ ಆಸ್ಪತ್ರೆಯಲ್ಲಿ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಅವಳು ನನ್ನ ಕೈ ಹಿಡಿದು, ‘ಭಾನುವಾರಾನೂ ನಾನು ಬಡ್ದಿದ್ದೆ ಅಕ್ಕಾ. ನಿಮಗೆ ಕೇಳಿಸಲಿಲ್ಲ ಅಲ್ವಾ?’ ಎಂದು ಕೇಳಿದಳು. ಕೇಳಿಸಲಿಲ್ಲ ಮಗಳೇ ಎಂದು ನಾನು ಹೇಳಿದೆ. ಅವಳು ಸಮಾಧಾನದಿಂದ ಗಂಜಿ ಕುಡಿದಳು.

ನಾನು ಅವಳಿಗೆ ಹೇಳಿದ್ದು ಸುಳ್ಳು. ಇಲ್ಲಿ ಬರೆಸಿದ್ದು ನಿಜ. ಓದಿಸಿ ಕೇಳಿದ್ದೇನೆ, ಯಾವುದನ್ನೂ ತೆಗೆಯುವುದು ಬೇಡ ಎಂದು ಹೇಳಿ ಸಹಿ ಮಾಡಿದ್ದೇನೆ.

ಸ್ಥಳ: ಕ್ವಾಲಾ ತೆಂಬಾಂಗ್ ಪೊಲೀಸ್ ಠಾಣೆ
ದಿನಾಂಕ: 11-8-2022, ಬೆಳಿಗ್ಗೆ 10:50

(ಸಹಿ) ಸಲ್ಬಿಯಾ ಬಿಂತಿ ಹಾರೂನ್